ಚಿನ್ನ ಚಿನ್ನವಾಗಿಯೇ ಸಿಗುತ್ತದೆ, ಕಬ್ಬಿಣ ಏಕೆ ಹಾಗೆ ಸಿಗುವುದಿಲ್ಲ?

ಹೊಸ ಓದುಗ:

ಮಾನ್ಯರೇ, ಬಹಳ ದಿನಗಳಿಂದ ತಲೆ ಕೊರೆಯುತ್ತಿರುವ ಒಂದು ಪ್ರಶ್ನೆಯನ್ನು ತಮ್ಮ ಮುಂದಿಡುತ್ತಿದ್ದೇನೆ. ಚಿನ್ನವು ಹೊಳೆಯ ಮರಳಿನಲ್ಲಿ ಕಣವಾಗಿಯೋ, ಬೆಣಚುಕಲ್ಲಿನ ಬಿರುಕಿನಲ್ಲಿ ಎಳೆಯಾಗಿಯೋ ಲೋಹದ ರೂಪದಲ್ಲೇ ಸಿಗುತ್ತದೆ. 1869ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಮರವೊಂದರ ಬುಡದಲ್ಲಿ, ನೆಲದಿಂದ ಎರಡು ಮೂರು ಬೆರಳಿನಷ್ಟು ಆಳದಲ್ಲಿ, 70 ಕಿಲೋಗ್ರಾಂಗೂ ಮಿಕ್ಕಿ ಚಿನ್ನವಿದ್ದ ಗಟ್ಟಿ ಸಿಕ್ಕಿತು. ಎಷ್ಟೋ ಕಾಲದ ಮಳೆ, ಗಾಳಿ, ಮಣ್ಣಿನ ಹಸಿ ಅದನ್ನು ಏನೂ ಮಾಡಿರಲಿಲ್ಲ.

ಭೂತೊಗಟೆಯ ತೂಕದಲ್ಲಿ ನೂರಕ್ಕೆ ಸುಮಾರು 8 ಪಾಲು ಅಲ್ಯೂಮಿನಿಯಂ ಇದೆ, ಸುಮಾರು 5 ಪಾಲು ಕಬ್ಬಿಣವಿದೆ. ಇಷ್ಟು ಹೇರಳವಾಗಿರುವ ಲೋಹಗಳ ಗುಂಡುಸೂಜಿಯಷ್ಟು ತುಣುಕೂ ನೆಲದಲ್ಲಿ ಲೋಹವಾಗಿ ಕಾಣುವುದಿಲ್ಲ. ಕಾಣುವುದೆಲ್ಲ ಕಲ್ಲು, ಕೆಮ್ಮಣ್ಣು, ಅದಿರು. ‘ಚಿನ್ನದ ಕ್ರಿಯಾಶೀಲತೆ ಕಡಿಮೆ, ಕಬ್ಬಿಣದ್ದು ಹೆಚ್ಚು’ ಎಂದು ಶಾಲೆಯಲ್ಲಿ ಕಲಿತಿದ್ದೇನೆ. ಅದು ಉತ್ತರವೋ, ಪ್ರಶ್ನೆಯನ್ನೇ ಬೇರೆ ಮಾತಿನಲ್ಲಿ ಹೇಳಿದ್ದೋ ಎಂಬ ಅನುಮಾನ ನನ್ನದು. ಬಲ್ಲವರು ದಯವಿಟ್ಟು ಬಿಡಿಸಿ ಹೇಳಬೇಕು.

ತ್ರಾಸು:

ಶಾಲೆಯ ಉತ್ತರವನ್ನು ಅಷ್ಟು ಹಗುರವಾಗಿ ಕಾಣಬೇಕಾಗಿಲ್ಲ. ಲೋಹಗಳನ್ನು ಅವುಗಳ ವಿದ್ಯುದ್ವಿಭವದ (ಲೋಹವಾಗಿಯೇ ಉಳಿಯುವ ಒಲವನ್ನು ವೋಲ್ಟಿನಲ್ಲಿ ಹೇಳುವ ಅಳತೆಯ) ಪ್ರಕಾರ ಜೋಡಿಸಿದರೆ ಚಿನ್ನ ಸುಮಾರು +1.50 ವೋಲ್ಟ್, ಬೆಳ್ಳಿ +0.80, ತಾಮ್ರ +0.34, ಕಬ್ಬಿಣ −0.44, ಸತು −0.76, ಅಲ್ಯೂಮಿನಿಯಂ −1.66 ಎಂಬ ಸಾಲು ಬರುತ್ತದೆ. ಸೊನ್ನೆಯ ಮೇಲಿರುವವು ಹೆಚ್ಚಾಗಿ ಮುಕ್ತ ರೂಪದಲ್ಲಿ ಸಿಗುತ್ತವೆ, ಕೆಳಗಿರುವವು ಸಿಗುವುದಿಲ್ಲ. ಇದು ಅಳೆದು ಪಡೆದ ಸಾಲು, ಯಾರೋ ಊಹಿಸಿ ಬರೆದದ್ದಲ್ಲ.

ಹೊಸ ಓದುಗ:

ತ್ರಾಸು ಅವರಿಗೆ ವಂದನೆಗಳು. ಆದರೂ ನನ್ನ ತೊಡಕು ಹಾಗೆಯೇ ಉಳಿದಿದೆ. ಆವರ್ತಕ ಕೋಷ್ಟಕದಲ್ಲಿ ತಾಮ್ರ 29ನೆಯದು, ಸತು 30ನೆಯದು. ಗೋಡೆಗೆ ಗೋಡೆ ತಾಗಿದ ಮನೆಗಳು. ಹಾಗಿದ್ದೂ ತಾಮ್ರ ಗಟ್ಟಿಗಟ್ಟಿಯಾಗಿ ಸಿಗುತ್ತದೆ, ಸತು ಸಿಗುವುದಿಲ್ಲವೆಂದೇ ಹೇಳಬಹುದು. ಒಂದೇ ಒಂದು ಪ್ರೋಟಾನ್ ಹೆಚ್ಚಾದ ಮಾತ್ರಕ್ಕೆ ಇಷ್ಟು ದೂರ ಹೇಗೆ?

ಒರೆಗಲ್ಲು:

ಕೇಳಬೇಕಾದ ಪ್ರಶ್ನೆ ಇದೇ. ತಾಮ್ರ ಮತ್ತು ಸತುವಿನ ಲೆಕ್ಕವನ್ನು ನಾನು ಒಮ್ಮೆ ಕುಳಿತು ಬಿಡಿಸಿದಾಗ ಬಂದ ಉತ್ತರ ನನ್ನ ನಿರೀಕ್ಷೆಗೆ ತೀರ ಬೇರೆಯಾಗಿತ್ತು. ಆದ್ದರಿಂದ ಅದನ್ನು ಪೂರ್ತಿಯಾಗಿ ಇಲ್ಲಿ ಬರೆಯುತ್ತೇನೆ.

ಒಂದು ಲೋಹವು ತನ್ನ ಲೋಹತನವನ್ನು ಬಿಟ್ಟು ನೀರಿನಲ್ಲಿ ಅಯಾನಾಗಿ, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣುವಾಗಿ, ಸೇರಬೇಕಾದರೆ ಮೂರು ಹಂತಗಳ ಜಮಾಖರ್ಚು ನಡೆಯುತ್ತದೆಂದು ಭಾವಿಸೋಣ. ಮೊದಲು ಘನ ಲೋಹದಲ್ಲಿ ಒಂದನ್ನೊಂದು ಹಿಡಿದುಕೊಂಡಿರುವ ಪರಮಾಣುಗಳನ್ನು ಬಿಡಿಬಿಡಿಯಾಗಿ ಕಿತ್ತು ಅನಿಲವಾಗಿಸಬೇಕು. ಬಳಿಕ ಪ್ರತಿ ಪರಮಾಣುವಿನಿಂದ ಎರಡು ಎಲೆಕ್ಟ್ರಾನುಗಳನ್ನು ಕೀಳಬೇಕು. ಇವೆರಡೂ ಖರ್ಚು. ಕೊನೆಗೆ ಹಾಗೆ ಉಂಟಾದ ಅಯಾನನ್ನು ನೀರಿನ ಅಣುಗಳು ಸುತ್ತುವರಿದಾಗ ಶಕ್ತಿ ಬಿಡುಗಡೆಯಾಗುತ್ತದೆ, ಇದು ಜಮೆ.

ಒಂದು ಮೋಲ್ (ಪರಮಾಣುಗಳ ಒಂದು ನಿಗದಿತ ಎಣಿಕೆ) ತಾಮ್ರದ ಪರಮಾಣುಗಳನ್ನು ಬಿಡಿಸಲು ಸುಮಾರು 338 ಕಿಲೋಜೌಲ್ ಬೇಕು, ಸತುವಿಗೆ 130 ಸಾಕು. ಎರಡು ಎಲೆಕ್ಟ್ರಾನ್ ಕೀಳಲು ತಾಮ್ರಕ್ಕೆ ಸುಮಾರು 2703, ಸತುವಿಗೆ ಸುಮಾರು 2640. ನೀರಿನಿಂದ ಮರಳಿ ಬರುವುದು ತಾಮ್ರಕ್ಕೆ ಸುಮಾರು 2100, ಸತುವಿಗೆ ಸುಮಾರು 2046. ಎಲೆಕ್ಟ್ರಾನ್ ಕೀಳುವಾಗ ತಾಮ್ರಕ್ಕೆ ತಗಲುವ ಅರುವತ್ತು ಚಿಲ್ಲರೆ ಹೆಚ್ಚುವರಿ ಖರ್ಚನ್ನು ನೀರು ಬಹುಮಟ್ಟಿಗೆ ತುಂಬಿಕೊಡುತ್ತದೆ. ಉಳಿಯುವುದು ಮೊದಲ ಹಂತದ 208 ಕಿಲೋಜೌಲ್ ವ್ಯತ್ಯಾಸವೊಂದೇ. ಎಲ್ಲ ಕೂಡಿ ಕಳೆದರೆ ತಾಮ್ರಕ್ಕೆ ಸತುವಿಗಿಂತ ಸುಮಾರು 217 ಕಿಲೋಜೌಲ್ ಹೆಚ್ಚು ಬೇಕೆಂದಾಗುತ್ತದೆ. ಅದನ್ನು ಎರಡು ಎಲೆಕ್ಟ್ರಾನುಗಳಿಗೆ ಹಂಚಿ ವೋಲ್ಟಿಗೆ ಬದಲಾಯಿಸಿದರೆ ಬರುವುದು ಸುಮಾರು 1.12. ತಾಮ್ರ ಮತ್ತು ಸತುವಿನಿಂದ 1836ರಲ್ಲಿ ಡೇನಿಯಲ್ ಕಟ್ಟಿದ ವಿದ್ಯುತ್ಕೋಶವು ಕೊಡುವುದು 1.10 ವೋಲ್ಟ್. ಕೈಲೆಕ್ಕ ಇಷ್ಟು ಹತ್ತಿರ ಬಂದದ್ದನ್ನು ಕಂಡು ನಾನು ಕಾಗದವನ್ನು ಮತ್ತೊಮ್ಮೆ ತಿರುಗಿಸಿ ನೋಡಿದ್ದೆ.

ಹಾಗಾದರೆ ತಾಮ್ರ ತಾಮ್ರವಾಗಿ ಉಳಿಯಲು ದೊಡ್ಡ ಕಾರಣ ಅದರ ಪರಮಾಣುಗಳು ತಮ್ಮತಮ್ಮಲ್ಲೇ ಬಿಗಿಯಾಗಿ ಕೈಹಿಡಿದಿರುವುದು. ಸತುವಿನ ಹೊರಕವಚದ ಎಲೆಕ್ಟ್ರಾನುಗಳು ಜೋಡಿಯಾಗಿ, ಒಳಗಿನ ಕವಚ ಪೂರ್ತಿ ತುಂಬಿ, ನೆರೆಯ ಪರಮಾಣುವಿನೊಡನೆ ಬೆರೆಯುವ ಆಸಕ್ತಿ ಕಡಿಮೆಯಾಗಿರುತ್ತದೆ. ತಾಮ್ರ 2562 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿದರೆ ಸತು 907 ಡಿಗ್ರಿಯಲ್ಲೇ ಕುದಿದು ಆವಿಯಾಗುವುದು ಇದೇ ಸಡಿಲತೆಯ ಇನ್ನೊಂದು ಮುಖ. ‘ಕ್ರಿಯಾಶೀಲತೆ’ ಎಂದಾಗ ನಾವು ಲೋಹವು ಪರರ ಕಡೆಗೆ ಎಷ್ಟು ವಾಲುತ್ತದೆ ಎಂದಷ್ಟೇ ಯೋಚಿಸುತ್ತೇವೆ. ತನ್ನವರನ್ನು ಎಷ್ಟು ಗಟ್ಟಿಯಾಗಿ ಹಿಡಿದಿದೆ ಎಂಬುದನ್ನೂ ಜೊತೆಗೆ ಕೇಳಬೇಕು.

ತ್ರಾಸು:

ಒಪ್ಪಿದೆ. ಆದರೆ ಪಾದರಸ? ಅದು ಕೋಣೆಯ ಉಷ್ಣತೆಯಲ್ಲೇ ದ್ರವ; ಅದರ ಪರಮಾಣುಗಳ ಹಿಡಿತ ಸತುವಿಗಿಂತಲೂ ಸಡಿಲ. ತಮ್ಮ ವಾದದ ಪ್ರಕಾರ ಅದು ಮುಕ್ತವಾಗಿ ಸಿಗಲೇಬಾರದು. ಸ್ಪೇನಿನ ಅಲ್ಮಾಡೆನ್ ಗಣಿಯಂಥ ಕಡೆಗಳಲ್ಲಿ ಕೆಂಪು ಸಿನಬಾರ್ ಖನಿಜದ ಮೇಲೆ ಪಾದರಸದ ಹನಿಗಳು ಬೆವರಿನಂತೆ ನಿಂತಿರುವುದುಂಟು.

ಒರೆಗಲ್ಲು:

ಸರಿಯಾದ ಆಕ್ಷೇಪ. ಪಾದರಸದಲ್ಲಿ ಮೊದಲ ಖರ್ಚು ಕೇವಲ 61 ಕಿಲೋಜೌಲ್. ಆದರೆ ಎರಡು ಎಲೆಕ್ಟ್ರಾನ್ ಕೀಳಲು 2800ಕ್ಕೂ ಹೆಚ್ಚು ಬೇಕು, ಅಯಾನು ದೊಡ್ಡದಾದ್ದರಿಂದ ನೀರಿನಿಂದ ಬರುವ ಜಮೆಯೂ ಕಡಿಮೆ. ತಾಮ್ರ ಒಂದು ದಾರಿಯಲ್ಲಿ ಉಳಿದುಕೊಂಡರೆ ಪಾದರಸ ಇನ್ನೊಂದರಲ್ಲಿ ಉಳಿದುಕೊಳ್ಳುತ್ತದೆ. ಚಿನ್ನಕ್ಕೆ ಎರಡೂ ದಾರಿಗಳು ತೆರೆದಿವೆ. ಬಿಡಿಸುವ ಖರ್ಚು ಸುಮಾರು 368. ಮೊದಲ ಎಲೆಕ್ಟ್ರಾನಿಗೇ 890, ಬೆಳ್ಳಿಗಾದರೆ ಅದು 731.

ಚಿನ್ನಕ್ಕೆ ಈ ಹೆಚ್ಚುಗಾರಿಕೆ ಬಂದದ್ದು ಐನ್‌ಸ್ಟೈನರ ಸಾಪೇಕ್ಷತೆಯಿಂದ. ಪರಮಾಣು ಕೇಂದ್ರದಲ್ಲಿ 79 ಪ್ರೋಟಾನುಗಳಿರುವುದರಿಂದ ತೀರ ಒಳಗಿನ ಎಲೆಕ್ಟ್ರಾನುಗಳು ಬೆಳಕಿನ ವೇಗದ ಅರ್ಧಕ್ಕೂ ಹೆಚ್ಚಿನ ವೇಗದಲ್ಲಿ ಚಲಿಸುತ್ತವೆ. ಆ ವೇಗದ ಪರಿಣಾಮವಾಗಿ ಅವುಗಳ ಕಕ್ಷಕಗಳು ಕುಗ್ಗುತ್ತವೆ. ಹೊರಗಿನ ಒಂಟಿ ಎಲೆಕ್ಟ್ರಾನಿನ ಕಕ್ಷಕವೂ ಕುಗ್ಗಿ ಕೇಂದ್ರದ ಹಿಡಿತಕ್ಕೆ ಇನ್ನಷ್ಟು ಸಿಕ್ಕಿಬೀಳುತ್ತದೆ. ಚಿನ್ನದ ಹಳದಿ ಬಣ್ಣಕ್ಕೂ ಇದೇ ಕಾರಣ.

ಮೂಸೆ:

ಒರೆಗಲ್ಲು ಅವರ ಲೆಕ್ಕ ಸೊಗಸಾಗಿದೆ. ಆದರೆ ನೆಲದೊಳಗೆ ಲೋಹವು ಎದುರಿಸುವುದು ಪ್ರಯೋಗಶಾಲೆಯ ಆಮ್ಲವನ್ನಲ್ಲ; ನೀರನ್ನು, ಗಂಧಕವನ್ನು. ಅದೇ ಪ್ರಶ್ನೆಯನ್ನು ಆ ಕಡೆಯಿಂದ ನೋಡೋಣ.

ಒಂದು ಮೋಲ್ ಆಮ್ಲಜನಕ ಪರಮಾಣುವನ್ನು ಹಿಡಿದುಕೊಂಡಾಗ ಯಾವ ಧಾತುವಿಗೆ ಎಷ್ಟು ಶಕ್ತಿಯ ಲಾಭ ಎಂದು ಪಟ್ಟಿ ಮಾಡಿದರೆ, ಅಲ್ಯೂಮಿನಿಯಂ ಸುಮಾರು 527 ಕಿಲೋಜೌಲ್, ಕಬ್ಬಿಣ ಸುಮಾರು 247, ನಿಕ್ಕಲ್ 212, ತಾಮ್ರ 130, ಪಾದರಸ 58, ಬೆಳ್ಳಿ ಬರಿಯ 11. ಚಿನ್ನಕ್ಕೆ ಲಾಭವೇ ಇಲ್ಲ, ನಷ್ಟ. ಇದೇ ಪಟ್ಟಿಯಲ್ಲಿ ಜಲಜನಕವನ್ನು ಸೇರಿಸಿ. ಅದು ಆಮ್ಲಜನಕವನ್ನು ಹಿಡಿದು ನೀರಾದಾಗಿನ ಲಾಭ 237. ನೀರಿನಿಂದ ಆಮ್ಲಜನಕವನ್ನು ಕಿತ್ತುಕೊಳ್ಳಬೇಕಾದರೆ ಲೋಹದ ಲಾಭವು 237ನ್ನು ಮೀರಬೇಕು. ಅಲ್ಯೂಮಿನಿಯಂ ಅದನ್ನು ಬಹುದೂರ ಮೀರುತ್ತದೆ. ತಾಮ್ರ, ಬೆಳ್ಳಿ, ಪಾದರಸಗಳು ಹತ್ತಿರವೂ ಸುಳಿಯುವುದಿಲ್ಲ. ಕಬ್ಬಿಣ ಕೂದಲೆಳೆಯಷ್ಟು ಮೀರುತ್ತದೆ. ನೀರಿನ ಗೆರೆಯಿಂದ ಕೇವಲ ಹತ್ತು ಕಿಲೋಜೌಲ್ ಆಚೆ ಬಿದ್ದಿರುವುದು ಕಬ್ಬಿಣದ ದುರದೃಷ್ಟ ಎನ್ನಬೇಕು.

ಬೆಳ್ಳಿಯ ಹನ್ನೊಂದು ಎಷ್ಟು ಸಣ್ಣ ಸಂಖ್ಯೆ ಎಂಬುದನ್ನು ಕಣ್ಣಾರೆ ನೋಡಬಹುದು. ಬೆಳ್ಳಿಯ ಆಕ್ಸೈಡ್ ಎಂಬ ಕಂದುಗಪ್ಪು ಪುಡಿಯನ್ನು ಪ್ರನಾಳದಲ್ಲಿ ಹಾಕಿ ಜ್ವಾಲೆಯ ಮೇಲೆ ಹಿಡಿದರೆ, ಇಂಗಾಲವನ್ನಾಗಲಿ ಮತ್ತೇನನ್ನಾಗಲಿ ಬೆರೆಸದೆ, ಬರಿಯ ಬಿಸಿಗೇ ಪುಡಿ ಬೂದುಬಿಳಿಯಾಗುತ್ತದೆ, ಬಾಯಿಯ ಬಳಿ ಹಿಡಿದ ಕೆಂಡದ ಕಡ್ಡಿ ಭಗ್ಗನೆ ಹೊತ್ತಿಕೊಳ್ಳುತ್ತದೆ. ಪ್ರೀಸ್ಟ್ಲಿಯವರು 1774ರಲ್ಲಿ ಆಮ್ಲಜನಕವನ್ನು ಪಡೆದದ್ದು ಪಾದರಸದ ಆಕ್ಸೈಡಿಗೆ ಹೀಗೆಯೇ ಬಿಸಿಲನ್ನು ಮಸೂರದಿಂದ ಹಾಯಿಸಿ.

ಬೆಣಚುಕಲ್ಲು:

ಮೂಸೆ ಅವರು ಗಂಧಕದ ಹೆಸರನ್ನೆತ್ತಿ ಅಲ್ಲಿಗೇ ಬಿಟ್ಟಿದ್ದಾರೆ. ನೀರಿನ ಗೆರೆಯೊಂದೇ ಲೆಕ್ಕಕ್ಕಿದ್ದಿದ್ದರೆ ನೆಲದೊಳಗಿನ ತಾಮ್ರವೂ ಬೆಳ್ಳಿಯೂ ಬಹುಪಾಲು ಲೋಹವಾಗಿಯೇ ಸಿಗಬೇಕಿತ್ತು. ನಿಜದಲ್ಲಿ ತಾಮ್ರದ ಮುಖ್ಯ ಅದಿರು ಚಾಲ್ಕೋಪೈರೈಟ್, ಅಂದರೆ ತಾಮ್ರ, ಕಬ್ಬಿಣ, ಗಂಧಕಗಳ ಸಂಯುಕ್ತ. ಬೆಳ್ಳಿಯ ಬಹುಭಾಗ ಸೀಸದ ಸಲ್ಫೈಡಾದ ಗೆಲೀನಾದೊಳಗೂ ತನ್ನದೇ ಸಲ್ಫೈಡಿನಲ್ಲೂ ಅಡಗಿರುತ್ತದೆ.

ಗಂಧಕದ ಪಟ್ಟಿಯಲ್ಲಿ ಸ್ಥಾನಗಳು ಬದಲಾಗುತ್ತವೆ. ಬೆಳ್ಳಿಗೆ ಆಮ್ಲಜನಕದಿಂದ ಬರುವ ಲಾಭ 11 ಆದರೆ ಗಂಧಕದಿಂದ ಬರುವುದು ಸುಮಾರು 40. ಜಲಜನಕಕ್ಕೆ ಗಂಧಕದಿಂದ ಬರುವ ಲಾಭ ಸುಮಾರು 33. ಹೈಡ್ರೋಜನ್ ಸಲ್ಫೈಡಿನ ಎದುರಿನಲ್ಲಿ ಬೆಳ್ಳಿ ನಿಂತಿರುವ ಜಾಗವೂ ನೀರಿನ ಎದುರಿನಲ್ಲಿ ಕಬ್ಬಿಣ ನಿಂತಿರುವ ಜಾಗವೂ ಒಂದೇ: ಇಬ್ಬರೂ ಗೆರೆಯಿಂದ ಕೂದಲೆಳೆಯಷ್ಟು ಆಚೆ. ಬೆಳ್ಳಿಗೆ ಹಿಡಿಯುವ ಕರಿ ಗಾಳಿಯ ಆಮ್ಲಜನಕದಿಂದ ಬಂದದ್ದೆಂದು ಹಲವರು ತಿಳಿದಿದ್ದಾರೆ. ಅದು ಬೆಳ್ಳಿಯ ಸಲ್ಫೈಡ್. ತಾಮ್ರಕ್ಕೆ ಗಂಧಕದ ಲಾಭ ಇನ್ನೂ ಹೆಚ್ಚು, 86ರ ಆಸುಪಾಸು. ಹೀಗೆ ನೀರಿನ ಪರೀಕ್ಷೆಯಲ್ಲಿ ತೇರ್ಗಡೆಯಾದವರು ಗಂಧಕದ ಪರೀಕ್ಷೆಯಲ್ಲಿ ಮುಗ್ಗರಿಸುತ್ತಾರೆ. ಎರಡನ್ನೂ ದಾಟುವವು ಚಿನ್ನ, ಮತ್ತು ಬಹಳಮಟ್ಟಿಗೆ ಪ್ಲಾಟಿನಂ ಬಳಗದ ಲೋಹಗಳು.

ಆದ್ದರಿಂದ ಲೋಹದ ತಾಮ್ರ ರಾಶಿಯಾಗಿ ಸಿಗಬೇಕಾದರೆ ಗಂಧಕ ತೀರ ಕಡಿಮೆಯಿರುವ ಜಾಗ ಬೇಕು. ಅಂಥ ಜಾಗಕ್ಕೆ ಅತ್ಯುತ್ತಮ ಉದಾಹರಣೆ ಉತ್ತರ ಅಮೆರಿಕದ ಸುಪೀರಿಯರ್ ಸರೋವರದೊಳಕ್ಕೆ ಚಾಚಿಕೊಂಡಿರುವ ಕೆವೀನಾ ಪರ್ಯಾಯದ್ವೀಪ. ಸುಮಾರು 110 ಕೋಟಿ ವರ್ಷಗಳ ಹಿಂದೆ ಅಲ್ಲಿ ಖಂಡವೇ ಸೀಳತೊಡಗಿ, ಬಸಾಲ್ಟ್ ಲಾವಾ ಪದರದ ಮೇಲೆ ಪದರವಾಗಿ ಹರಿಯಿತು. ಆ ಲಾವಾದಲ್ಲಿ ಗಂಧಕ ಬಹಳ ಕಡಿಮೆಯಿತ್ತು. ಮುಂದೆ ಬಿಸಿಯಾದ ಉಪ್ಪುನೀರು ಕಲ್ಲಿನ ಸಂದುಗಳಲ್ಲಿ ಓಡಾಡಿ ತಾಮ್ರವನ್ನು ಕರಗಿಸಿ ಒಯ್ದು, ಲಾವಾ ಆರುವಾಗ ಅನಿಲದ ಗುಳ್ಳೆಗಳು ಬಿಟ್ಟುಹೋದ ಪೊಳ್ಳುಗಳಲ್ಲಿ ಇಳಿಸಿತು. ಹಿಡಿಯಲು ಗಂಧಕವಿಲ್ಲದ ಕಾರಣ ಇಳಿದದ್ದು ಲೋಹವಾಗಿಯೇ ಇಳಿಯಿತು. ಅಲ್ಲಿನ ಮೂಲನಿವಾಸಿಗಳು ಸಾವಿರಾರು ವರ್ಷಗಳ ಹಿಂದೆಯೇ ಆ ತಾಮ್ರವನ್ನು ಕುಲುಮೆಯ ಹಂಗಿಲ್ಲದೆ ಬಡಿದು ಭರ್ಜಿಯ ಮೊನೆ, ಚೂರಿಗಳನ್ನು ಮಾಡಿಕೊಂಡಿದ್ದರು. ಅಲ್ಲಿಂದ ಬಂದ, ಸುಮಾರು 1,680 ಕಿಲೋಗ್ರಾಂ ತೂಗುವ ಒಂಟೊನಾಗನ್ ಬಂಡೆ ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. 19ನೆಯ ಶತಮಾನದ ಗಣಿಗಾರರಿಗೆ ನೂರಾರು ಟನ್ನಿನ ತುಂಡುಗಳು ಎದುರಾದಾಗ ಅವು ಸಂಪತ್ತಿನಷ್ಟೇ ತಲೆನೋವೂ ಆದವು. ಸಿಡಿಮದ್ದಿಗೆ ಕಲ್ಲು ಒಡೆಯುತ್ತದೆ, ಜಿಗುಟು ತಾಮ್ರ ಬಗ್ಗುತ್ತದೆಯೇ ಹೊರತು ಒಡೆಯುವುದಿಲ್ಲ, ಹೀಗಾಗಿ ಉಳಿಯಿಂದ ವಾರಗಟ್ಟಲೆ ಕೊರೆದು ಕತ್ತರಿಸಬೇಕಾಯಿತು.

ಈ ಪ್ರದೇಶದಲ್ಲಿ ಸಿಗುವ ಕೆಲವು ಗಟ್ಟಿಗಳಲ್ಲಿ ಅರ್ಧ ತಾಮ್ರ, ಅರ್ಧ ಬೆಳ್ಳಿ. ಕೆಂಪು ಎಲ್ಲಿ ಮುಗಿಯಿತು, ಬಿಳಿ ಎಲ್ಲಿ ತೊಡಗಿತು ಎಂದು ಬೆರಳಿಟ್ಟು ತೋರಿಸಬಹುದು. ಕರಗಿಸಿ ಎರೆದಿದ್ದರೆ ಎರಡೂ ಬೆರೆತುಹೋಗುತ್ತಿದ್ದವು. ಕಡಿಮೆ ಉಷ್ಣತೆಯ ನೀರಿನಿಂದ ನಿಧಾನವಾಗಿ ಇಳಿದದ್ದಕ್ಕೆ ಆ ಗೆರೆಯೇ ಸಾಕ್ಷಿ.

ಹೊಸ ಓದುಗ:

ಬೆಳ್ಳಿಯ ತಂತಿಗಳ ಚಿತ್ರಗಳನ್ನು ನೋಡಿದ್ದೇನೆ. ಕಲ್ಲಿನಿಂದ ಕೂದಲಿನ ಗುಂಗುರಿನಂತೆ ಹೊರಬಂದಿರುತ್ತವೆ. ಅವೂ ಗಂಧಕವಿಲ್ಲದ ಜಾಗದವೇ?

ಬೆಣಚುಕಲ್ಲು:

ವಿಚಿತ್ರವೆಂದರೆ ಹಾಗಿರಬೇಕೆಂದಿಲ್ಲ. ಇವಕ್ಕೆ ಹೆಸರಾದ ನಾರ್ವೆಯ ಕಾಂಗ್ಸ್‌ಬರ್ಗ್ ಗಣಿ 1623ರಲ್ಲಿ ಶುರುವಾಗಿ 1958ರವರೆಗೆ ನಡೆಯಿತು. ಬೆಳ್ಳಿಯ ಸಲ್ಫೈಡಿನೊಳಗೆ ಬೆಳ್ಳಿಯ ಅಯಾನುಗಳು ಅಸಾಧಾರಣ ಸಲೀಸಾಗಿ ಓಡಾಡುತ್ತವೆ. ಗಂಧಕ ಒಂದೆಡೆ ಕಳಚಿಕೊಳ್ಳತೊಡಗಿದರೆ ಬೆಳ್ಳಿ ಆ ತಾಣಕ್ಕೆ ಹರಿದುಬಂದು, ಒರಳಿನಿಂದ ಒತ್ತಿದ ಶ್ಯಾವಿಗೆಯಂತೆ ಬುಡದಿಂದ ಬೆಳೆಯುತ್ತದೆ. ಸಲ್ಫೈಡನ್ನು ಕಾಯಿಸಿ ಪ್ರಯೋಗಶಾಲೆಯಲ್ಲೂ ಇಂಥ ತಂತಿಗಳನ್ನು ಬೆಳೆಸಿದ್ದಾರೆ. ಬೆಳ್ಳಿ ಗೆರೆಯ ಪಕ್ಕದಲ್ಲೇ ನಿಂತಿದೆ ಎಂದೆನಲ್ಲ, ಅದರ ಅರ್ಥ ಇದು. ಸುತ್ತಲಿನ ಪರಿಸ್ಥಿತಿ ಒಂದಿಷ್ಟು ಅತ್ತಿತ್ತ ಸರಿದರೂ ಅದು ಈಚೆಗೋ ಆಚೆಗೋ ದಾಟುತ್ತದೆ.

ತ್ರಾಸು:

ಹಾಗಾದರೆ ಕಬ್ಬಿಣವೂ ಗೆರೆಯ ಪಕ್ಕದಲ್ಲಿರುವುದರಿಂದ ಅದೂ ಎಲ್ಲಾದರೂ ಈಚೆಗೆ ದಾಟಿರಬೇಕು. ಪ್ರಶ್ನೆಯ ತಲೆಬರಹವೇ ತಪ್ಪಾಗುತ್ತದೆ.

ಬೆಣಚುಕಲ್ಲು:

ತಪ್ಪೇ. ಲೋಹದ ಕಬ್ಬಿಣ ಮೂರು ಬಗೆಯಲ್ಲಿ ಸಿಗುತ್ತದೆ, ಮೂರರಲ್ಲೂ ಆಮ್ಲಜನಕವನ್ನು ಯಾರೋ ದೂರವಿಟ್ಟಿರುತ್ತಾರೆ.

ಎಲ್ಲರಿಗೂ ಗೊತ್ತಿರುವುದು ಉಲ್ಕೆಯ ಕಬ್ಬಿಣ. ಇದು ಸಣ್ಣ ಆಕಾಶಕಾಯಗಳ ಒಡಲಿನಲ್ಲಿ ನಿಕ್ಕಲ್ ಜೊತೆ ಬೆರೆತು ತಣಿದದ್ದು. ಟುಟಂಖಾಮನ್‌ನ ಸಮಾಧಿಯಲ್ಲಿದ್ದ ಚೂರಿಯ ಅಲಗಿನಲ್ಲಿ ನೂರಕ್ಕೆ ಸುಮಾರು 11 ಪಾಲು ನಿಕ್ಕಲ್ ಇರುವುದನ್ನು 2016ರಲ್ಲಿ ಪ್ರಕಟವಾದ ಎಕ್ಸ್-ಕಿರಣ ಪರೀಕ್ಷೆ ತೋರಿಸಿತು. ಅದಿರಿನಿಂದ ತೆಗೆದ ಅಂದಿನ ಕಬ್ಬಿಣದಲ್ಲಿ ಅಷ್ಟು ನಿಕ್ಕಲ್ ಇರುವುದಿಲ್ಲ. ಗ್ರೀನ್‌ಲ್ಯಾಂಡಿನ ಕೇಪ್ ಯಾರ್ಕ್ ಬಳಿ ಬಿದ್ದಿದ್ದ ಉಲ್ಕೆಯಿಂದ ಅಲ್ಲಿನ ಇನುಯಿಟ್ ಜನ ಚಕ್ಕೆಗಳನ್ನು ಬಡಿದೆಬ್ಬಿಸಿ ಶತಮಾನಗಳ ಕಾಲ ಚೂರಿಗಳನ್ನು ಮಾಡಿಕೊಂಡರು. 1897ರಲ್ಲಿ ಅಮೆರಿಕದ ಧ್ರುವಾನ್ವೇಷಕ ಪಿಯರಿ ಅದರ 31 ಟನ್ನಿನ ತುಂಡನ್ನು ಹಡಗಿಗೇರಿಸಿ ನ್ಯೂಯಾರ್ಕಿಗೆ ಸಾಗಿಸಿದರು. ಒಯ್ದದ್ದು ಬೇರೊಬ್ಬರ ಕಬ್ಬಿಣದ ಮೂಲವನ್ನು ಎಂಬ ಮಾತು ಅಂದು ಯಾರಿಗೂ ದೊಡ್ಡದಾಗಿ ಕಾಣಲಿಲ್ಲವೇನೋ.

ಎರಡನೆಯದು ಅದೇ ಗ್ರೀನ್‌ಲ್ಯಾಂಡಿನ ಡಿಸ್ಕೋ ದ್ವೀಪದಲ್ಲಿದೆ. 1870ರಲ್ಲಿ ಅನ್ವೇಷಕ ನಾರ್ಡೆನ್‌ಶೋಲ್ಡ್ ಅಲ್ಲಿ ಟನ್ನುಗಟ್ಟಲೆ ತೂಕದ ಕಬ್ಬಿಣದ ಗುಂಡುಗಳನ್ನು ಕಂಡು ಉಲ್ಕೆಗಳೆಂದೇ ತಿಳಿದರು. ಆಮೇಲೆ ಅಲ್ಲಿನ ಬಸಾಲ್ಟಿನ ಒಳಗೇ ಅಂಥ ಕಬ್ಬಿಣ ಹುದುಗಿರುವುದು ಗೊತ್ತಾಯಿತು. ಶಿಲಾಪಾಕವು ಮೇಲಕ್ಕೇರುವಾಗ ಇಂಗಾಲ ತುಂಬಿದ ಜಲಜಶಿಲೆಗಳ ಪದರವನ್ನು ಹಾಯ್ದು ಬಂದಿತ್ತು. ಆ ಇಂಗಾಲವು ಶಿಲಾಪಾಕದೊಳಗಿನ ಕಬ್ಬಿಣದ ಆಮ್ಲಜನಕವನ್ನು ಕಸಿದುಕೊಂಡಿತ್ತು. ಊದುಕುಲುಮೆಯಲ್ಲಿ ನಾವು ಮಾಡುವ ಅಪಕರ್ಷಣವನ್ನೇ ನೆಲ ತಾನಾಗಿ ಮಾಡಿತ್ತು. ಅದರಲ್ಲಿ ಇಂಗಾಲ ಬೆರೆತಿದ್ದು, ಎರಕದ ಕಬ್ಬಿಣದ ಗುಣ ಸಾಕಷ್ಟಿದೆ.

ಮೂರನೆಯದು ಕಣ್ಣಿಗೆ ಅಷ್ಟಾಗಿ ಬೀಳದ್ದು. ಆಲಿವೀನ್ ಖನಿಜ ತುಂಬಿದ ಶಿಲೆಗೆ ನೀರು ಹೊಕ್ಕು ಅದು ಸರ್ಪೆಂಟೀನ್ ಆಗುವಾಗ ಜಲಜನಕ ಹೊರಬರುತ್ತದೆ. ಜಲಜನಕ ಹೆಚ್ಚಿದಷ್ಟೂ ಮೂಸೆ ಅವರು ಹೇಳಿದ ಗೆರೆ ಸರಿಯುತ್ತದೆ. ಗೆರೆಯ ಈಚೆಗಿರುವ ನಿಕ್ಕಲ್ ಮೊದಲು ಲೋಹವಾಗುತ್ತದೆ, ಸ್ವಲ್ಪ ಕಬ್ಬಿಣವನ್ನೂ ತನ್ನೊಡನೆ ಎಳೆದುಕೊಳ್ಳುತ್ತದೆ. ಹೀಗೆ ಹುಟ್ಟುವ ಮಿಶ್ರಲೋಹ ಅವಾರುವೈಟ್. ನ್ಯೂಜಿಲೆಂಡಿನ ಅವಾರುವಾ ಕೊಲ್ಲಿಯ ಬಳಿ ಮೊದಲು ಗುರುತಿಸಿದ್ದರಿಂದ ಆ ಹೆಸರು.

ಇನ್ನು ಕಬ್ಬಿಣದ ಮಹಾರಾಶಿ ಇರುವುದು ಭೂಮಿಯ ತಿರುಳಿನಲ್ಲಿ, ನಮ್ಮ ಕಾಲಡಿಯಲ್ಲಿ ಸುಮಾರು 2,900 ಕಿಲೋಮೀಟರ್ ಆಳದಿಂದ ಮುಂದಕ್ಕೆ. ಇಡೀ ಭೂಗೋಳವನ್ನು ಲೆಕ್ಕಕ್ಕೆ ಹಿಡಿದರೆ ಕಬ್ಬಿಣದ ಬಹುಪಾಲು ಲೋಹವಾಗಿಯೇ ಇದೆ. ಅದು ಸಿಗುವುದಿಲ್ಲ ಎನ್ನುವುದು ಮೇಲ್ಪದರದಲ್ಲಿ ಬದುಕುವ ನಮ್ಮ ಮಾತು.

ಹೊಸ ಓದುಗ:

ನನ್ನ ತಲೆಬರಹ ಸೋತದ್ದಕ್ಕೆ ಬೇಸರವಿಲ್ಲ. ಆದರೆ ಅಲ್ಯೂಮಿನಿಯಂ ಪಾತ್ರೆಗೆ ತುಕ್ಕು ಹಿಡಿಯುವುದಿಲ್ಲ, ಕಬ್ಬಿಣಕ್ಕೆ ಹಿಡಿಯುತ್ತದೆ. 527 ಎಂಬ ಅಷ್ಟು ದೊಡ್ಡ ಸಂಖ್ಯೆಯ ಲೋಹ ಗಾಳಿಯಲ್ಲಿ ಸುಮ್ಮನಿರುವುದು ಹೇಗೆ?

ಮೂಸೆ:

ಸುಮ್ಮನಿರುವಂತೆ ಕಾಣುತ್ತದೆ. ಗಾಳಿ ಸೋಕಿದ ಕ್ಷಣವೇ ಅದರ ಮೈಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ, ಬಿರುಕಿಲ್ಲದ ಆಕ್ಸೈಡಿನ ಪೊರೆ ಕಟ್ಟುತ್ತದೆ. ಕೆಳಗಿನ ಲೋಹಕ್ಕೆ ಮತ್ತೆ ಆಮ್ಲಜನಕ ತಲುಪುವುದಿಲ್ಲ. ಕಬ್ಬಿಣದ ತುಕ್ಕು ಹೊಪ್ಪಳೆಯಾಗಿ ಉದುರುತ್ತ ಹೊಸ ಮೈಯನ್ನು ತೆರೆಯುತ್ತ ಹೋಗುತ್ತದೆ.

ವಿದ್ಯಾರ್ಥಿಯಾಗಿದ್ದಾಗ ನಾನು ಅಲ್ಯೂಮಿನಿಯಂ ಹಾಳೆಯ ಮೇಲೆ ಪಾದರಸದ ಲವಣದ ದ್ರಾವಣವನ್ನು ಅಜಾಗರೂಕತೆಯಿಂದ ಚೆಲ್ಲಿದ್ದೆ. ಒರೆಸಿ ಪಕ್ಕಕ್ಕಿಟ್ಟು, ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಆ ಜಾಗದಿಂದ ಬಿಳಿಯ ನಾರುಗಳು ಬೂಷ್ಟಿನಂತೆ ಮೇಲೇಳುತ್ತಿದ್ದವು. ಮುಟ್ಟಿದರೆ ಪುಡಿಯಾಗುತ್ತಿದ್ದವು, ಹಾಳೆ ಬೆಚ್ಚಗಿತ್ತು. ಪಾದರಸವು ಅಲ್ಯೂಮಿನಿಯಂ ಜೊತೆ ಬೆರೆತು ಪೊರೆ ಅಂಟಿಕೊಳ್ಳದಂತೆ ಮಾಡಿತ್ತು, ಅಷ್ಟೆ. ಸಂಜೆಯ ಹೊತ್ತಿಗೆ ಹಾಳೆಯಲ್ಲಿ ತೂತು ಬಿದ್ದಿತ್ತು. (ಪಾದರಸದ ಲವಣಗಳು ವಿಷ, ಮನೆಯಲ್ಲಿ ಯಾರೂ ಪ್ರಯತ್ನಿಸಬಾರದು.) ಪೊರೆಯಿಂದ ಬದುಕುವ ಲೋಹ ಒಮ್ಮೆ ಲೋಹವಾದ ಮೇಲೆ ಉಳಿಯಬಲ್ಲದು, ಆದರೆ ನೆಲದಲ್ಲಿ ಅದನ್ನು ಮೊದಲು ಲೋಹವಾಗಿಸುವವರು ಯಾರು? ಇಂಗಾಲವೂ ಜಲಜನಕವೂ ಆ ಕೆಲಸಕ್ಕೆ ಸಾಲವು. 1886ರಲ್ಲಿ ಹಾಲ್ ಮತ್ತು ಎರೂ ಬೇರೆಬೇರೆಯಾಗಿ ಕಂಡುಕೊಂಡ ವಿದ್ಯುದ್ವಿಭಜನೆಯ ವಿಧಾನವೇ ಇಂದಿಗೂ ಗತಿ.

ತ್ರಾಸು:

ಇಲ್ಲಿಯವರೆಗಿನ ಮಾತಿನಲ್ಲಿ ಚಿನ್ನವನ್ನು ಯಾರೂ ಅಲುಗಾಡಿಸಿಲ್ಲ. ಅದು ಯಾವುದಕ್ಕೂ ಜಗ್ಗದಿದ್ದರೆ ಬೆಣಚುಕಲ್ಲಿನ ಬಿರುಕಿನೊಳಗೆ ಹೋಗಿ ಸೇರಿದ್ದು ಹೇಗೆ? ಕರಗದೆ ಹರಿಯಲಾಗದು.

ಒರೆಗಲ್ಲು:

ಚಿನ್ನ ಕರಗುತ್ತದೆ, ಸರಿಯಾದ ಜೊತೆಗಾರ ಸಿಕ್ಕರೆ. +1.50 ವೋಲ್ಟ್ ಎಂಬುದು ಚಿನ್ನದ ಅಯಾನು ನೀರಿನಲ್ಲಿ ಒಂಟಿಯಾಗಿ ನಿಂತಾಗಿನ ಸಂಖ್ಯೆ. ಕ್ಲೋರೈಡ್ ಅಯಾನುಗಳು ನಾಲ್ಕು ಕಡೆಯಿಂದ ಅದನ್ನು ಹಿಡಿದುಕೊಂಡರೆ ಅದೇ ಸಂಖ್ಯೆ ಸುಮಾರು 1.0ಕ್ಕೆ ಇಳಿಯುತ್ತದೆ, ಆಗ ತೀವ್ರ ನೈಟ್ರಿಕ್ ಆಮ್ಲದ ಕೈಗೆ ಎಟಕುತ್ತದೆ. ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲಗಳ ಮಿಶ್ರಣವಾದ ಆಕ್ವಾ ರೀಜಿಯಾದ ಗುಟ್ಟು ಇಷ್ಟೇ. 1940ರಲ್ಲಿ ಜರ್ಮನ್ ಸೇನೆ ಕೋಪನ್‌ಹೇಗನ್ನಿಗೆ ನುಗ್ಗಿದಾಗ, ಫಾನ್ ಲಾವೆ ಮತ್ತು ಫ್ರಾಂಕ್ ಅವರು ಬೋರ್ ಸಂಸ್ಥೆಯಲ್ಲಿ ಇರಿಸಿದ್ದ ನೊಬೆಲ್ ಪದಕಗಳನ್ನು ಅಲ್ಲಿನ ರಸಾಯನಶಾಸ್ತ್ರಜ್ಞ ಹೆವೆಶಿ ಇದೇ ಆಮ್ಲದಲ್ಲಿ ಕರಗಿಸಿ ಕಪಾಟಿನಲ್ಲಿಟ್ಟರು. ಯುದ್ಧ ಮುಗಿದ ಮೇಲೆ ಸೀಸೆ ಇಟ್ಟಲ್ಲೇ ಇತ್ತು. ಚಿನ್ನವನ್ನು ಮರಳಿ ಪಡೆದು ಪದಕಗಳನ್ನು ಹೊಸದಾಗಿ ಎರೆಯಲಾಯಿತು. ಸಯನೈಡ್ ಜೊತೆಗಾರನಾದರೆ ಸಂಖ್ಯೆ ಸೊನ್ನೆಗಿಂತ ಕೆಳಕ್ಕೆ, −0.6ರ ಆಸುಪಾಸಿಗೆ ಕುಸಿಯುತ್ತದೆ. ಆಗ ಬರಿಯ ಗಾಳಿಯೇ ಚಿನ್ನವನ್ನು ಉತ್ಕರ್ಷಿಸುತ್ತದೆ. 1887ರಿಂದೀಚೆಗೆ ಬಡ ಅದಿರಿನಿಂದ ಚಿನ್ನ ತೆಗೆಯುವ ಉದ್ಯಮ ನಿಂತಿರುವುದು ಇದರ ಮೇಲೆ. ಚಿನ್ನದ ಕುಲೀನತೆಯನ್ನು ಹೊಗಳುವವರು ಅದು ಯಾರ ಸಹವಾಸದಲ್ಲಿದೆ ಎಂಬುದನ್ನೂ ಹೇಳಬೇಕು.

ಬೆಣಚುಕಲ್ಲು:

ನೆಲದೊಳಗೆ ಆ ಜೊತೆಗಾರ ಹೆಚ್ಚಾಗಿ ಗಂಧಕ, ಕೆಲವೆಡೆ ಕ್ಲೋರೈಡ್. 200-300 ಡಿಗ್ರಿಯ ನೀರಿನಲ್ಲಿ ಹೈಡ್ರೋಸಲ್ಫೈಡ್ ಅಯಾನುಗಳು ಚಿನ್ನವನ್ನು ಅತ್ಯಲ್ಪ ಪ್ರಮಾಣದಲ್ಲಿ ಹಿಡಿದು ಒಯ್ಯುತ್ತವೆ. ಆ ನೀರು ಬಿರುಕಿನಲ್ಲಿ ಮೇಲೇರಿ, ಒತ್ತಡ ತಗ್ಗಿ ಕುದಿದಾಗ ಹೈಡ್ರೋಜನ್ ಸಲ್ಫೈಡ್ ಆವಿಯೊಡನೆ ಹಾರಿಹೋಗುತ್ತದೆ. ಹೊತ್ತು ತಂದವನೇ ಮಾಯವಾದ ಮೇಲೆ ಚಿನ್ನಕ್ಕೆ ಬೇರೆ ದಾರಿಯಿಲ್ಲ. ಬೆಣಚಿನ ಪಕ್ಕದಲ್ಲೇ ಲೋಹವಾಗಿ ಕೂರುತ್ತದೆ. ಬೆಳ್ಳಿಯನ್ನೂ ತಾಮ್ರವನ್ನೂ ಕಲ್ಲಾಗಿ ಕಟ್ಟಿಹಾಕುವ ಗಂಧಕವು ಚಿನ್ನವನ್ನು ಹೊತ್ತು ತಂದು ಇಳಿಸಿ ಹೋಗುವ ಕೂಲಿಯಾಗುವುದು ಈ ವಿಷಯದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ.

ಚಿನ್ನವನ್ನು ಗಟ್ಟಿಯಾಗಿ ಕಟ್ಟಿಹಾಕುವ ಧಾತು ಒಂದಿದೆ, ಟೆಲ್ಯೂರಿಯಂ. ಆಸ್ಟ್ರೇಲಿಯಾದ ಕಾಲ್ಗೂರ್ಲಿಯಲ್ಲಿ, ಕೊಲರಾಡೋದ ಕ್ರಿಪಲ್ ಕ್ರೀಕ್‌ನಲ್ಲಿ ಕ್ಯಾಲವರೈಟ್ ಎಂಬ ತಿಳಿಹಳದಿ ಖನಿಜವಾಗಿ ಚಿನ್ನ ಸಿಗುತ್ತದೆ. ಅದನ್ನು ಇದ್ದಿಲಿನ ಮೇಲಿಟ್ಟು ಊದುಕೊಳವೆಯ ಜ್ವಾಲೆ ತಾಗಿಸಿದರೆ ಟೆಲ್ಯೂರಿಯಂ ಹೊಗೆಯಾಗಿ ಹೋಗಿ, ಮೈಮೇಲೆ ಚಿನ್ನದ ಸಣ್ಣ ಸಣ್ಣ ಗುಂಡುಗಳು ಬೆವರೊಡೆಯುತ್ತವೆ.

ಹೊಸ ಓದುಗ:

ಒಂದು ಕೊನೆಯ ಅನುಮಾನ. ಮುಕ್ತವಾಗಿ ಸಿಗುವ ಚಿನ್ನ, ಪ್ಲಾಟಿನಂಗಳೇ ಅತಿ ವಿರಳ. ಮುಕ್ತವಾಗಿ ಸಿಗದವೇ ಹೇರಳ. ಇದು ಕಾಕತಾಳೀಯವೇ?

ಒರೆಗಲ್ಲು:

ಅಲ್ಲ. ನಾರ್ವೆಯ ಗೋಲ್ಡ್‌ಸ್ಮಿತ್ ಕಳೆದ ಶತಮಾನದ ಮೊದಲರ್ಧದಲ್ಲಿ ಧಾತುಗಳನ್ನು ಅವು ಯಾರ ಬೆನ್ನು ಹತ್ತುತ್ತವೆ ಎಂಬುದರ ಮೇಲೆ ವಿಂಗಡಿಸಿದರು: ಕಬ್ಬಿಣದ ಬೆನ್ನು ಹತ್ತುವವು, ಗಂಧಕದ ಬೆನ್ನು ಹತ್ತುವವು, ಶಿಲೆಯ ಬೆನ್ನು ಹತ್ತುವವು, ವಾಯುವಿಗೆ ಸೇರುವವು. ಎಳೆಯ ಭೂಮಿ ಕರಗಿ ಕಬ್ಬಿಣ ತಿರುಳಿಗಿಳಿದಾಗ, ಆಮ್ಲಜನಕದ ಗೊಡವೆ ಬೇಡದ ಚಿನ್ನ, ಪ್ಲಾಟಿನಂ, ಇರಿಡಿಯಂಗಳು ಅದರ ಜೊತೆಯಲ್ಲೇ ಇಳಿದುಹೋದವು. ಅಲ್ಯೂಮಿನಿಯಂ ಆಮ್ಲಜನಕವನ್ನು ಅಪ್ಪಿಕೊಂಡು ಕಲ್ಲಿನಲ್ಲೇ ಉಳಿಯಿತು. ಈಗ ಮೇಲ್ಪದರದಲ್ಲಿರುವ ಚಿನ್ನ ಶತಕೋಟಿಗೆ ಕೆಲವೇ ಪಾಲು. ಅದರಲ್ಲೂ ಬಹುಭಾಗ ತಿರುಳು ಬೇರೆಯಾದ ಬಳಿಕ ಬಿದ್ದ ಉಲ್ಕೆಗಳ ಕೊಡುಗೆ ಎಂಬುದು ಹಲವು ಭೂರಸಾಯನ ತಜ್ಞರ ಅಭಿಪ್ರಾಯ. ಚಿನ್ನವನ್ನು ಶುದ್ಧವಾಗಿ ಉಳಿಸಿದ ಗುಣವೇ ಅದನ್ನು ವಿರಳವಾಗಿಯೂ ಮಾಡಿತು.

ಮೂಸೆ:

‘ಶುದ್ಧ’ ಎಂಬ ಮಾತಿಗೆ ಒಂದು ಸಣ್ಣ ತಿದ್ದುಪಡಿ. ಮುಕ್ತವಾಗಿ ಸಿಗುವ ಚಿನ್ನ ಅಪರಂಜಿಯಾಗಿರುವುದು ಅಪರೂಪ. ಅದರಲ್ಲಿ ಬೆಳ್ಳಿ ಬೆರೆತೇ ಇರುತ್ತದೆ. ಬೆಳ್ಳಿಯ ಪಾಲು ನೂರಕ್ಕೆ ಇಪ್ಪತ್ತನ್ನು ಮೀರಿದರೆ ಎಲೆಕ್ಟ್ರಮ್ ಎಂದು ಬೇರೆ ಹೆಸರೇ ಇದೆ.

ಹೊಸ ಓದುಗ:

ಹಾಗಿದ್ದರೆ ಗಣಿಯ ಚಿನ್ನಕ್ಕೂ ಹೊಳೆಯ ಚಿನ್ನಕ್ಕೂ ಶುದ್ಧತೆಯಲ್ಲಿ ವ್ಯತ್ಯಾಸವಿದೆಯೇ?

ಬೆಣಚುಕಲ್ಲು:

ಇದೆ, ಆದರೆ ಅಂಚಿನಲ್ಲಿ ಮಾತ್ರ. ಹೊಳೆಯ ಚಿನ್ನದ ಕಣವನ್ನು ಅಡ್ಡಕ್ಕೆ ಕೊಯ್ದು ಹೊಳಪು ಕೊಟ್ಟು ಸೂಕ್ಷ್ಮದರ್ಶಕದಡಿ ಇಟ್ಟರೆ ನಡುವೆ ಬೆಳ್ಳಿ ಬೆರೆತ ಪೇಲವ ಹಳದಿ ತಿರುಳು, ಸುತ್ತಲೂ ಕೂದಲಿಗಿಂತ ತೆಳುವಾದ, ಗಾಢ ಹಳದಿಯ ಒಂದು ಅಂಚು ಕಾಣುತ್ತದೆ. ಆ ಅಂಚಿನಲ್ಲಿ ಬೆಳ್ಳಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಹೊಳೆಯ ನೀರು ಮೈಮೇಲಿನ ಬೆಳ್ಳಿಯನ್ನು ಕರಗಿಸಿಕೊಂಡು ಹೋಗಿದೆ, ಚಿನ್ನವನ್ನು ಇದ್ದಲ್ಲೇ ಬಿಟ್ಟಿದೆ.